ದೇವದೂತರಿಗೆ ಗುಂಡು ಹೊಡೆದವರು ಯಾರು?

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಬ್ಲೈತ್‌ಬರ್ಗ್ ಊರಿನ ಹೋಲಿ ಟ್ರಿನಿಟಿ ಚರ್ಚ್ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಬರಹ ಸೊಗಸಾಗಿದೆ. ಆದರೆ ಅಲ್ಲಿನ ಚಾವಣಿಯ ದೇವದೂತರ ಮೇಲೆ, 17ನೇ ಶತಮಾನದ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಕಾದಾಡಿದ ಕ್ರಾಮ್‌ವೆಲ್ಲನ ಸೈನಿಕರು ಗುಂಡು ಹಾರಿಸಿದರು ಅನ್ನುವ ಮಾತನ್ನು ಒಪ್ಪಲಾರೆ. ನಾನು ಮರಗೆಲಸದವನು. ಈಗ ಅದೇ ಸಫೊಕ್ ಪ್ರಾಂತ್ಯದಲ್ಲಿದ್ದೇನೆ. ಬಿಡುವಾದಾಗ ಆ ಚಾವಣಿ ನೋಡಲೆಂದೇ ಹೋಗುತ್ತೇನೆ.

15ನೇ ಶತಮಾನದ ಚಾವಣಿ ಅದು. ಇಳಿಜಾರು ತೀರಾ ಕಮ್ಮಿ. ದಪ್ಪ ಅಡ್ಡತೊಲೆಗಳ ನಡುಭಾಗದಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರು, ಬೆನ್ನಿಗೆ ಬೆನ್ನು ಕೊಟ್ಟು, ಕೈಯಲ್ಲಿ ಗುರಾಣಿ ಹಿಡಿದು ಮಲಗಿದ್ದಾರೆ. ಮಾಸಿದ ಕೆಂಪು, ಹಸಿರು ಬಣ್ಣ ಇನ್ನೂ ಕಾಣುತ್ತದೆ. ಕೆಲವರು ಬಿದ್ದು ಹೋಗಿದ್ದಾರೆ, ಉಳಿದವರ ಮೈಯಲ್ಲಿ ತೂತುಗಳಿವೆ. ಗುಂಡಿನ ಕಥೆ ಹುಟ್ಟಿದ್ದೇ ಈ ತೂತುಗಳಿಂದ.

1970ರ ದಶಕದ ದುರಸ್ತಿಯಲ್ಲಿ ಆ ಮರದೊಳಗೆ ಸಿಕ್ಕಿದ ಸೀಸದ ಚರೆಗಳು 18ನೇ ಶತಮಾನದವು. ಚರ್ಚಿನ ಹಳೆಯ ಖರ್ಚಿನ ಲೆಕ್ಕದಲ್ಲೂ ಉತ್ತರ ಇದೆ: 1761ರಲ್ಲಿ ಒಳಗೆ ಸೇರಿಕೊಂಡ ಜಾಕ್‌ಡಾ ಹಕ್ಕಿಗಳನ್ನು ಹೊಡೆಯಲು ದುಡ್ಡು ಕೊಟ್ಟಿದ್ದಾರೆ. ಜಾಕ್‌ಡಾ ಅಂದರೆ ಕಾಗೆಯ ಜಾತಿಯದೇ ಒಂದು ಸಣ್ಣ ಹಕ್ಕಿ. ಗುರಿ ಹಕ್ಕಿಗೆ, ಏಟು ದೇವದೂತರಿಗೆ! ಸುಮ್ನೆ ಸೈನಿಕರ ತಲೆಗೆ ಕಟ್ಟಿದ್ದೇವೆ, ಅಲ್ವಾ?

ಹಾಗಂತ ಕ್ರಾಮ್‌ವೆಲ್ ಕಾಲದವರು ಕೈಕಟ್ಟಿ ಕೂತಿರಲಿಲ್ಲ. 1644ರ ಏಪ್ರಿಲ್‌ನಲ್ಲಿ ವಿಲಿಯಂ ಡೌಸಿಂಗ್ ಅಲ್ಲಿಗೆ ಬಂದ. ಚರ್ಚುಗಳಲ್ಲಿನ ಚಿತ್ರ, ವಿಗ್ರಹ ಒಡೆಸುವುದೇ ಅವನ ಕೆಲಸ. ಏನೇನು ಮಾಡಿದೆ ಅಂತ ದಿನಚರಿಯಲ್ಲಿ ಅವನೇ ಬರೆದಿಟ್ಟಿದ್ದಾನೆ. 20 ದೇವದೂತರನ್ನು ಇಳಿಸಬೇಕು, 200ಕ್ಕೂ ಜಾಸ್ತಿ ಚಿತ್ರಗಳನ್ನು 8 ದಿನದೊಳಗೆ ತೆಗೆಯಬೇಕು ಅಂತ ಅಪ್ಪಣೆ ಮಾಡಿದ. ಚಾವಣಿಯವರು ಹೇಗೋ ಬಚಾವಾದರು. ಅಷ್ಟು ಎತ್ತರಕ್ಕೆ ಅಟ್ಟಣಿಗೆ ಕಟ್ಟುವುದು ಎಷ್ಟು ತಲೆನೋವಿನ ಕೆಲಸ ಅಂತ ನನಗೆ ಗೊತ್ತು. ಕಿಟಕಿಯ ಬಣ್ಣದ ಗಾಜಿಗೆ ಆ ಅದೃಷ್ಟ ಇರಲಿಲ್ಲ. ಅಲ್ಲಲ್ಲಿ ಚೂರುಪಾರು ಉಳಿದಿದೆ ಅಷ್ಟೆ.

ನನ್ನ ನಿಜವಾದ ತಕರಾರು ಇಲ್ಲಿದೆ. ಒಳಗೆ ತುಂಬುವ ಬಿಳಿ ಬೆಳಕನ್ನು ನಿಮ್ಮ ಲೇಖಕರು ಕಟ್ಟಿದವರ ಜಾಣ್ಮೆ ಅಂತ ಹೊಗಳಿದ್ದಾರೆ. ಮೇಲಿನ ಸಾಲುಕಿಟಕಿಗಳು ಅವರ ಜಾಣ್ಮೆಯೇ, ಸರಿ. ಆದರೆ ಅವರು ಬಯಸಿದ್ದು ಬಣ್ಣದ ಬೆಳಕು. ಈಗಿನ ಬಿಳಿ ಬೆಳಕು ಗಾಜು ಹೋದದ್ದರ ಫಲ. ಮಾಡದ ತಪ್ಪಿಗೆ ಬೈದು, ಮಾಡಿದ ಹಾಳನ್ನು ಹೊಗಳಿದ ಹಾಗಾಯಿತು.

ಮಳೆ ಮಾಡಿದ ಹಾನಿಯ ಮಾತೇ ಲೇಖನದಲ್ಲಿಲ್ಲ. ಚಾವಣಿ ಸೋರಿ, ಗೋಡೆ ಹದಗೆಟ್ಟು, 1881ರಲ್ಲಿ ಚರ್ಚನ್ನೇ ಮುಚ್ಚಿದ್ದರು. ಹೇಗೆ ದುರಸ್ತಿ ಮಾಡಬೇಕು ಅಂತ ಹಳೆಯ ಕಟ್ಟಡಗಳನ್ನು ಇದ್ದ ಹಾಗೇ ಉಳಿಸಬೇಕು ಅನ್ನುತ್ತಿದ್ದ ವಿನ್ಯಾಸಕಾರ ವಿಲಿಯಂ ಮಾರಿಸ್ ಕಡೆಯವರಿಗೂ ಊರಿನ ಪಾದ್ರಿಗೂ ಜಟಾಪಟಿಯೇ ನಡೆಯಿತು.

ಉತ್ತರದ ಬಾಗಿಲ ಮೇಲಿನ ಸುಟ್ಟ ಗುರುತು 1577ರ ಸಿಡಿಲಿನ ದಿನ ಬಂದ ಕಪ್ಪುನಾಯಿಯದು ಅನ್ನುವ ಕಥೆಗೆ ನನ್ನ ಆಕ್ಷೇಪ ಇಲ್ಲ. ಅದನ್ನು ಕಥೆ ಅಂತಲೇ ಬರೆದಿದ್ದೀರಿ. ಸೈನಿಕರ ಗುಂಡಿನ ವಿಷಯಕ್ಕೆ ಮಾತ್ರ ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ಜೊತೆಗೆ ಅಲ್ಲಿನ ಬೆಂಚಿನ ತುದಿಯ ಕೆತ್ತನೆಗಳ ಫೋಟೋ ಇದ್ದರೆ ಒಂದಾದರೂ ಹಾಕಿ. ಹಾಸಿಗೆಯಲ್ಲಿ ಎದ್ದು ಕೂತ ಸೋಮಾರಿಯನ್ನು ನಿಮ್ಮ ಲೇಖಕರು ನೋಡದೆ ಬಂದಿರಲಾರರು.

— ಒಬ್ಬ ಓದುಗ, ಸಫೊಕ್, ಇಂಗ್ಲೆಂಡ್