ಗೋವಾದ ಸೀಟು, ಮಂಗಳೂರಿನ ಸ್ಕಾಲರ್‌ಶಿಪ್: ಶ್ರಾವ್ಯಾಳಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಶ್ರಾವ್ಯಾ,

ಸಾಲ ಮಾಡಿ ಗೋವಾದಲ್ಲಿ ಫಿಸಿಕ್ಸ್ ಓದುವುದಾ, ಟ್ಯೂಷನ್ ಫೀಸು ಮಾಫಿ ಇರುವ ಮಂಗಳೂರಿನ ಕಂಪ್ಯೂಟರ್ ಸೈನ್ಸಿಗೆ ಸೇರುವುದಾ ಅಂತ ಕೇಳಿದ ನಿನ್ನ ಮೆಸೇಜು ಓದಿದೆ. ಫೋನಿನಲ್ಲಿ ಲೆಕ್ಕ ಹೇಳಿದರೆ ತಲೆಯಲ್ಲಿ ಉಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಅಮ್ಮನಿಗೂ ತೋರಿಸು.

ಇದು ನಿನ್ನನ್ನು ಊರಲ್ಲೇ ಉಳಿಸಿಕೊಳ್ಳಲು ಬರೆದ ಪತ್ರ ಅಲ್ಲ. ಹುಡುಗಿಯನ್ನು ಅಷ್ಟು ದೂರ ಯಾಕೆ ಕಳಿಸುವುದು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ, ಅವರಿಗೆ ನಾನು ಉತ್ತರ ಕೊಡುತ್ತೇನೆ. ಗೋವಾ ಎಂತ ದೂರ? ಉಡುಪಿಯಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಮಡಗಾಂವ್. ಬಿಟ್‌ಸ್ಯಾಟ್ ಪ್ರವೇಶ ಪರೀಕ್ಷೆ ಬರೆದು ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ಸಿನಲ್ಲಿ ಪಿಯುಸಿ ಆದ ಕೂಡಲೇ ಸೇರುವ ಎಂಎಸ್ಸಿ ಫಿಸಿಕ್ಸ್ ಸೀಟು ತೆಗೆದುಕೊಂಡದ್ದು ಸಣ್ಣ ಸಂಗತಿ ಅಲ್ಲ ಮಾರಾಯ್ತಿ. ಸುರತ್ಕಲ್ಲಿನ ಎನ್‌ಐಟಿಕೆ ಸ್ವಲ್ಪದರಲ್ಲಿ ತಪ್ಪಿತು ಅಂತ ಇನ್ನೂ ಕೊರಗುತ್ತಿದ್ದೀಯಂತೆ. ಅದನ್ನು ಬಿಟ್ಟುಬಿಡು. ಈಗ ಕೈಯಲ್ಲಿ ಇರುವುದನ್ನು ನೋಡೋಣ.

ಮೊದಲು ಮಂಗಳೂರಿನ ಕಾಲೇಜಿನವರು ಕೊಟ್ಟ ಪತ್ರ. ಕಂಪ್ಯೂಟರ್ ಸೈನ್ಸ್, ನಾಲ್ಕು ವರ್ಷ, ಟ್ಯೂಷನ್ ಫೀಸು ಪೂರ್ತಿ ಮಾಫಿ. ನಿನ್ನ ಅಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದಾರೆ, ತೋರಿಸಲಿ, ಅವರಿಗೆ ಖುಷಿ ಆಗದೆ ಇರುತ್ತದಾ. ಆದರೆ ಬ್ಯಾಂಕಿನಲ್ಲಿ ಎಜುಕೇಶನ್ ಲೋನಿನ ಫೈಲುಗಳನ್ನು ವರ್ಷಗಟ್ಟಲೆ ನೋಡಿದವಳು ನಾನು. ಇಂಥ ಪತ್ರದ ಮೊದಲ ಪುಟ ಎಲ್ಲರೂ ಓದುತ್ತಾರೆ, ಷರತ್ತು ಇರುವ ಪುಟ ಓದುವವರು ಕಡಿಮೆ. ಮಾಫಿ ಆಗುವುದು ಟ್ಯೂಷನ್ ಫೀಸು ಮಾತ್ರ ಅಲ್ವಾ? ಹಾಗಾದರೆ ಪರೀಕ್ಷೆ ಫೀಸು, ಯೂನಿವರ್ಸಿಟಿ ಫೀಸು, ಲ್ಯಾಬು, ಕಾಲೇಜ್ ಬಸ್ಸು, ಇಲ್ಲವೇ ಹಾಸ್ಟೆಲ್ಲು ಮೆಸ್ಸು ಎಲ್ಲ ಕೈಯಿಂದಲೇ ಹೋಗಬೇಕು. ಪ್ರತಿ ವರ್ಷ ಇಷ್ಟು ಸಿಜಿಪಿಎ, ಅಂದರೆ ಸರಾಸರಿ ಗ್ರೇಡು, ಇರಬೇಕು, ಒಂದು ವಿಷಯವೂ ಬಾಕಿ ಉಳಿಯಬಾರದು ಅಂತ ಉಂಟಾ ನೋಡು. ಮೊದಲ ಸೆಮಿಸ್ಟರಿನಲ್ಲಿ ಜ್ವರ ಬಂದು ಒಂದು ಪೇಪರು ಹೋಯಿತು ಅಂತಿಟ್ಟುಕೋ, ಆಮೇಲೆ ಎರಡನೇ ವರ್ಷದಿಂದ ಯಾವ ಫೀಸು ಕಟ್ಟಬೇಕು? ಸಿಇಟಿ ಸೀಟಿನ ಫೀಸಾ, ಮ್ಯಾನೇಜ್‌ಮೆಂಟ್ ಸೀಟಿನ ಫೀಸಾ? ಇದೆರಡರ ನಡುವೆ ಆಕಾಶ ಭೂಮಿಯಷ್ಟು ವ್ಯತ್ಯಾಸ ಉಂಟು. ಮಧ್ಯದಲ್ಲಿ ಬಿಟ್ಟರೆ ಮಾಫಿ ಮಾಡಿದ್ದನ್ನು ವಾಪಸ್ ಕಟ್ಟಬೇಕಾ? ಇದನ್ನೆಲ್ಲ ಆಫೀಸಿನಲ್ಲಿ ಬಾಯಿ ಮಾತಿನಲ್ಲಿ ಕೇಳಿದರೆ ಸಾಲದು, ಇಮೇಲ್ ಮಾಡಿ ಇಮೇಲಿನಲ್ಲೇ ಉತ್ತರ ತೆಗೆದುಕೋ. ಕೇಳಿದರೆ ಅವರು ಬೇಸರ ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡ. ಒಳ್ಳೆಯ ಕಾಲೇಜಿನವರು ಇದಕ್ಕೆ ಬೇಸರ ಮಾಡುವುದಿಲ್ಲ.

ಈಗ ಗೋವಾ. ನೀನೇ ಹಾಕಿದ ಲೆಕ್ಕದ ಪ್ರಕಾರ ಫೀಸು, ಹಾಸ್ಟೆಲ್ಲು, ಮೆಸ್ಸು, ಓಡಾಟ ಎಲ್ಲ ಸೇರಿ ವರ್ಷಕ್ಕೆ 7 ಲಕ್ಷದ ಹತ್ತಿರ. ಅಪ್ಪ 2 ಲಕ್ಷ ಹಾಕುತ್ತಾರೆ, ಉಳಿದ 5 ಲಕ್ಷ ಸಾಲ. ನೀನು ನಾಲ್ಕು ವರ್ಷಕ್ಕೆ ಗುಣಿಸಿ 20 ಲಕ್ಷ ಅಂತ ಬರೆದಿದ್ದೀ. ಆದರೆ ನಿನಗೆ ಸಿಕ್ಕಿದ್ದು ಎಂಎಸ್ಸಿ ಸೀಟು. ಅಲ್ಲಿ ಎಂಎಸ್ಸಿಗೆ ಸೇರಿದವರು ಮೊದಲ ವರ್ಷದ ಸಿಜಿಪಿಎ ಮೇಲೆ ಒಂದು ಬಿಇ ಬ್ರಾಂಚ್ ಕೂಡ ತೆಗೆದುಕೊಳ್ಳುತ್ತಾರೆ, ಹೆಚ್ಚಿನವರು ಹಾಗೇ ಮಾಡುವುದು, ಎರಡೂ ಡಿಗ್ರಿ ಮುಗಿಯಲು ಐದು ವರ್ಷ. ಅಂದರೆ ಸಾಲ 25 ಲಕ್ಷ.

ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳೋಣ, ಲೆಕ್ಕಕ್ಕೆ ಸುಲಭ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮೊದಲ ವರ್ಷ ತೆಗೆದ 5 ಲಕ್ಷಕ್ಕೆ ಆರು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ಐದು, ಹೀಗೆ ಕೊನೆಯದಕ್ಕೆ ಎರಡು. ಸರಳ ಬಡ್ಡಿಯಲ್ಲೇ ಕೂಡಿಸಿದರೂ 10 ಲಕ್ಷ. ಕಂತು ಶುರುವಾಗುವ ದಿನ ನಿನ್ನ ಹೆಸರಿನಲ್ಲಿ ಇರುವ ಸಾಲ 35 ಲಕ್ಷ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 46,000. ಹದಿನೈದು ವರ್ಷ ಎಳೆದರೂ 37,000 ದಾಟುತ್ತದೆ.

ಬಡ್ಡಿಗೆ ಸಹಾಯ ಇಲ್ಲ ಅಂತ ಅಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತಲ್ಲ, ಅದರಲ್ಲಿ ಒಳ್ಳೆ ರ‍್ಯಾಂಕಿನ ಸಂಸ್ಥೆಗಳ ಪಟ್ಟಿ ಉಂಟು, ಶುರುವಿನಲ್ಲಿ 860 ಇತ್ತು. ಅಲ್ಲಿ ಸೀಟು ಸಿಕ್ಕಿದವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ಸರ್ಕಾರದ್ದು. ಆದರೆ ಅದು ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷಕ್ಕೆ ಮಾತ್ರ, ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ತೆಗೆದುಕೊಂಡರೆ ಇದು ಇಲ್ಲ, ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ ಅಂತಲೂ ಇಲ್ಲ. ಸಿಕ್ಕಿದರೆ ಒಳ್ಳೆಯದೇ. ಅದನ್ನೇ ನಂಬಿ ಕೂರಬೇಡ.

ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ.

ನಿನಗೆ ಫಿಸಿಕ್ಸ್ ಬೇಕು. ಇದು ಇವತ್ತು ನಿನ್ನೆಯ ಆಸೆ ಅಲ್ಲ, ನನಗೆ ಗೊತ್ತು. ಪೂರ್ಣಪ್ರಜ್ಞ ಕಾಲೇಜಿನ ಖಗೋಳ ಸಂಘದವರು ಟೆಲಿಸ್ಕೋಪ್ ಇಟ್ಟಾಗಲೆಲ್ಲ ನೀನು ಎಲ್ಲರಿಗಿಂತ ಕೊನೆಗೆ ಹೊರಡುವವಳು. ಪಿಯುಸಿಯಲ್ಲಿ ಎಲ್ಲರೂ ಎಂಟ್ರೆನ್ಸ್‌ಗೆ ಬಾಯಿಪಾಠ ಮಾಡುವಾಗ ನೀನು ಒಂದೊಂದು ಸೂತ್ರ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತವಳು. ಸರಿ, ಫಿಸಿಕ್ಸ್ ಓದಿದೆ, ಮುಂದೆ? ಪಿಎಚ್‌ಡಿ ತಾನೇ. ಪಿಎಚ್‌ಡಿ ಮಾಡುವವರಿಗೆ ಜೆಆರ್‌ಎಫ್ ಅಂತ ಬರುವ ಫೆಲೋಶಿಪ್ ದುಡ್ಡು 2023ರಿಂದ ತಿಂಗಳಿಗೆ 37,000, ಎರಡು ವರ್ಷ ಆದಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಅದರಲ್ಲಿ 46,000 ಕಂತು ಎಲ್ಲಿಂದ ಕಟ್ಟುತ್ತೀ? ಕಟ್ಟಲು ಆಗುವುದಿಲ್ಲ. ಆಗ ಏನು ಮಾಡುತ್ತೀ ಅಂತಲೂ ನನಗೆ ಗೊತ್ತು. ಮೊದಲ ವರ್ಷ ರಾತ್ರಿ ಹಗಲು ಓದಿ ಸಿಜಿಪಿಎ ಏರಿಸಿ ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ಬಿಇಗೆ ತೆಗೆದುಕೊಳ್ಳುತ್ತೀ, ಪ್ಲೇಸ್‌ಮೆಂಟಿನಲ್ಲಿ ಕೂರುತ್ತೀ, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕೆ ಸೇರುತ್ತೀ. ಅದು ತಪ್ಪೇನಲ್ಲ. ಆದರೆ ಫಿಸಿಕ್ಸ್‌ಗಾಗಿ ಮಾಡಿದ ಸಾಲ ನಿನ್ನನ್ನು ಫಿಸಿಕ್ಸ್‌ನಿಂದಲೇ ಹೊರಗೆ ಕಳಿಸಿದ ಹಾಗಾಯಿತಲ್ಲ. ಸಾಲದ ಟೇಬಲ್ಲಿನ ಮುಂದೆ ಕೂತ ಮಕ್ಕಳಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಕಂತು ಯಾವಾಗ ಶುರು ಅಂತ ಕೇಳುತ್ತಾರೆ, ಕಂತು ಇರುವಷ್ಟು ದಿನ ಯಾವ ಕೆಲಸ ಬಿಡಲು ಆಗುವುದಿಲ್ಲ, ಯಾವ ಕೋರ್ಸಿಗೆ ಸೇರಲು ಆಗುವುದಿಲ್ಲ ಅಂತ ಯಾರೂ ಕೇಳುವುದಿಲ್ಲ.

ಹಾಗಂತ ಮಂಗಳೂರಿನ ಕಂಪ್ಯೂಟರ್ ಸೈನ್ಸ್‌ಗೆ ಸೇರು ಅಂತ ಹೇಳುತ್ತಿಲ್ಲ. ಪುಕ್ಕಟೆ ಸಿಗುತ್ತದೆ ಅಂತ ಬೇಡದ್ದನ್ನು ನಾಲ್ಕು ವರ್ಷ ಓದುವುದು ಕೂಡ ದುಬಾರಿಯೇ. ನಿನ್ನನ್ನೇ ಒಂದು ಪ್ರಶ್ನೆ ಕೇಳಿಕೋ: ಈ ಸ್ಕಾಲರ್‌ಶಿಪ್ ಬರದೇ ಇದ್ದಿದ್ದರೆ ಆ ಕೋರ್ಸಿಗೆ ಅರ್ಜಿ ಹಾಕುತ್ತಿದ್ದೆಯಾ? ಹೌದು ಅಂತಾದರೆ ಕಣ್ಣು ಮುಚ್ಚಿ ತೆಗೆದುಕೋ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇಲ್ಲ ಅಂತಾದರೆ ಅದು ನಿನ್ನ ಸ್ಕಾಲರ್‌ಶಿಪ್ ಅಲ್ಲ, ನಿನ್ನ ನಂತರದ ರ‍್ಯಾಂಕಿನವರಿಗೆ ಹೋಗಲಿ, ಅವರಿಗೆ ಅದು ದೊಡ್ಡ ಉಪಕಾರ ಆದೀತು.

ನಿನ್ನ ಮೆಸೇಜಿನಲ್ಲಿ ಎರಡೇ ದಾರಿ ಇತ್ತು. ಮೂರನೆಯದೊಂದು ಉಂಟು, ನಿನಗೆ ಅದು ಕಣ್ಣಿಗೆ ಬಿದ್ದಿಲ್ಲ, ಯಾಕೆಂದರೆ ಅದಕ್ಕೆ ಹೆಸರಿನ ಜೋರು ಇಲ್ಲ. ಇಲ್ಲೇ ಬಿಎಸ್ಸಿ. ಮುಖ ಸಿಂಡರಿಸಬೇಡ, ಪೂರ್ತಿ ಓದು.

ಉಡುಪಿಯಲ್ಲಿ ಎಂಜಿಎಂ ಉಂಟು, ಪೂರ್ಣಪ್ರಜ್ಞ ಉಂಟು, ಮಂಗಳೂರಿನಲ್ಲಿ 1880ರಿಂದ ಇರುವ ಅಲೋಶಿಯಸ್ ಉಂಟು. ಮೂರು ವರ್ಷದ ಬಿಎಸ್ಸಿಗೆ ಆಗುವ ಖರ್ಚು ಗೋವಾದ ಒಂದು ವರ್ಷದ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಇನ್‌ಸ್ಪೈರ್ ಅಂತ ಕೇಂದ್ರದ ಸ್ಕಾಲರ್‌ಶಿಪ್ ಇರುವುದೇ ಮೂಲ ವಿಜ್ಞಾನ ಓದುವವರಿಗೆ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರ ಒಳಗೆ ಬಂದವರು ಅರ್ಜಿ ಹಾಕಬಹುದು. ಸಿಕ್ಕಿದರೆ ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 60,000 ಕೈಗೆ, 20,000 ಬೇಸಿಗೆಯ ಪ್ರಾಜೆಕ್ಟಿಗೆ. ನಿನ್ನ ಪಿಯುಸಿ ಮಾರ್ಕು ನೋಡಿದರೆ ಅರ್ಜಿ ಹಾಕದೆ ಬಿಡುವುದು ತಪ್ಪು. ಬಿಎಸ್ಸಿ ಕೊನೆಯ ವರ್ಷದಲ್ಲಿ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳ ಎಂಎಸ್ಸಿ, ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿ, ಅಂದರೆ ಎಂಎಸ್ಸಿ ಪಿಎಚ್‌ಡಿ ಒಟ್ಟಿಗೆ ಮಾಡುವ ಕೋರ್ಸು, ಎರಡಕ್ಕೂ ಅದೇ ಬಾಗಿಲು. ಐಐಎಸ್‌ಸಿಯವರು ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಿದವರಿಗೆ ಅವರೇ ದುಡ್ಡು ಕೊಟ್ಟು ಓದಿಸುತ್ತಾರೆ. ಇಪ್ಪತ್ತೊಂದನೇ ವಯಸ್ಸಿಗೆ ಒಂದು ರೂಪಾಯಿ ಸಾಲ ಇಲ್ಲದೆ ಅಲ್ಲಿ ಹೋಗಿ ನಿಲ್ಲಬಹುದು.

ಊರಿನ ಕಾಲೇಜಿನಲ್ಲಿ ಒಳ್ಳೆಯ ಲ್ಯಾಬು ಇರುವುದಿಲ್ಲ, ಜೊತೆಗೆ ಓದುವವರು ನಿನ್ನ ಹಾಗೆ ತಲೆಕೆಡಿಸಿಕೊಂಡವರು ಸಿಗುವುದಿಲ್ಲ ಅಂತ ಹೇಳುತ್ತೀ. ಅದರಲ್ಲಿ ಸತ್ಯ ಉಂಟು, ನಾನು ಅಲ್ಲಗಳೆಯುವುದಿಲ್ಲ. ಗೋವಾದಲ್ಲಿ ಹಾಸ್ಟೆಲಿನ ಪಕ್ಕದ ರೂಮಿನಲ್ಲೇ ನಿನ್ನಷ್ಟು, ನಿನಗಿಂತ ಜಾಸ್ತಿ ಓದುವವರು ಇರುತ್ತಾರೆ, ಹಾಜರಿಯ ಕಾಟ ಇಲ್ಲ, ಅದರ ಬೆಲೆ ದೊಡ್ಡದು. ಇಲ್ಲಿ ಅದನ್ನು ನೀನೇ ಹುಡುಕಿಕೊಳ್ಳಬೇಕು. ವಿಜ್ಞಾನ ಅಕಾಡೆಮಿಗಳು ಮೂರೂ ಸೇರಿ ಕೊಡುವ ಸಮ್ಮರ್ ಫೆಲೋಶಿಪ್ಪಿಗೆ ಯಾವ ಕಾಲೇಜಿನವರೂ ಅರ್ಜಿ ಹಾಕಬಹುದು, ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರ ನಿಯಸ್ ಕಾರ್ಯಕ್ರಮ ಡಿಗ್ರಿ ಮಕ್ಕಳಿಗೆಂದೇ ಇರುವುದು. ಸೇರುವ ಮೊದಲು ಮೂರೂ ಕಾಲೇಜಿಗೆ ಹೋಗು, ಫಿಸಿಕ್ಸ್ ಡಿಪಾರ್ಟ್‌ಮೆಂಟಿನಲ್ಲಿ ಕೂತು ಮಾತಾಡು, ಯಾರು ನಿನ್ನ ಪ್ರಶ್ನೆಗೆ ಖುಷಿಪಟ್ಟು ಉತ್ತರ ಕೊಡುತ್ತಾರೆ ನೋಡು. ಇಸ್ರೋ ಅಧ್ಯಕ್ಷರಾಗಿದ್ದ ನಮ್ಮ ಅದಮಾರಿನ ಯು. ಆರ್. ರಾವ್ ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ, ಬನಾರಸ್‌ನಲ್ಲಿ ಎಂಎಸ್ಸಿ ಮುಗಿಸಿ, ಆಮೇಲೆ ವಿಕ್ರಂ ಸಾರಾಭಾಯಿ ಅವರ ಹತ್ತಿರ ಪಿಎಚ್‌ಡಿಗೆ ಹೋದವರು. ಆ ಕಾಲ ಬೇರೆ, ಹೌದು. ಆದರೆ ವಿಜ್ಞಾನದಲ್ಲಿ ಈಗಲೂ ಜನ ನೋಡುವುದು ಕೊನೆಗೆ ಯಾರ ಹತ್ತಿರ, ಏನು ಕೆಲಸ ಮಾಡಿದೆ ಅಂತ. ಬಿಎಸ್ಸಿ ಎಲ್ಲಿ ಅಂತ ಕೇಳುವವರು ನೆಂಟರು.

ಇಷ್ಟೆಲ್ಲ ಓದಿಯೂ ಗೋವಾವೇ ಬೇಕು ಅನಿಸಿದರೆ ನಾನು ಅಡ್ಡ ಬರುವುದಿಲ್ಲ, ಆದರೆ ಸಾಲಕ್ಕೆ ಒಂದು ಮಿತಿ ಹಾಕು. ನನ್ನ ಕೇಳಿದರೆ ಒಟ್ಟು 10 ಲಕ್ಷ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ. ಅಷ್ಟಾದರೆ ಬಡ್ಡಿ ಸೇರಿ 14 ಲಕ್ಷ, ಹತ್ತು ವರ್ಷದ ಕಂತು 18,500ರ ಆಸುಪಾಸು ಬಂದು ನಿಲ್ಲುತ್ತದೆ, ಬಡ್ಡಿಯ ಸಹಾಯ ಸಿಕ್ಕಿದರೆ ಇನ್ನೂ ಕಡಿಮೆ. ಫೆಲೋಶಿಪ್ಪಿನಲ್ಲಿ ಕಷ್ಟಪಟ್ಟು ಕಟ್ಟಬಹುದು. ಉಳಿದದ್ದು ಎಲ್ಲಿಂದ ಅಂತ ಈಗಲೇ ಕಾಗದದಲ್ಲಿ ಬರೆ. ಅಲ್ಲಿ ಮನೆಯ ಸ್ಥಿತಿ ನೋಡಿ ಕೊಡುವ ಸ್ಕಾಲರ್‌ಶಿಪ್ ಉಂಟು, ಎಷ್ಟು ಸಿಗಬಹುದು ಅಂತ ಬರೆದು ಕೇಳು. ನಾನು ವರ್ಷಕ್ಕೆ ಒಂದು ಲಕ್ಷ ಕೊಡುತ್ತೇನೆ. ಅದು ಸಾಲ ಅಲ್ಲ, ಲೆಕ್ಕ ಇಡುವುದು ಬೇಡ. ಇಲ್ಲೇ ಬಿಎಸ್ಸಿ ಮಾಡಿದರೂ ಆ ದುಡ್ಡು ನಿನ್ನದೇ. ಆದರೂ ಮಿತಿ ದಾಟುತ್ತದೆ ಅಂತಾದರೆ ಉತ್ತರ ನಿನಗೇ ಗೊತ್ತಾಗುತ್ತದೆ.

ಅಪ್ಪನ ವಿಷಯ. ಅವರನ್ನು ಕೇಳಿದರೆ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಬ್ರಹ್ಮಾವರದ ಜಾಗ ಮಾರುವ ಎಂದೂ ಅಂದಾರು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪಿಗ್ಮಿ ಉಳಿತಾಯ ನಮ್ಮ ಊರಿನ ಎಷ್ಟೋ ಮಕ್ಕಳನ್ನು ಓದಿಸಿದೆ. ನಿನ್ನ ಓದಿಗೆ ಅಪ್ಪ ಹಾಕುವ ದುಡ್ಡೂ ಸಂಜೆ ಅಂಗಡಿ ಗಲ್ಲಾದಿಂದ ದಿನಾ ತೆಗೆದಿಟ್ಟು ಹಾಗೆ ಕಟ್ಟಿದ್ದೇ. ಅದರಲ್ಲಿ ನಿನ್ನ ತಮ್ಮನ ಪಾಲೂ ಉಂಟು, ಅವನಿಗೆ ಇನ್ನು ಮೂರು ವರ್ಷದಲ್ಲಿ ಇದೇ ಸಮಯ ಬರುತ್ತದೆ. ಅಪ್ಪ ಹೂಂ ಅಂದರು ಅನ್ನುವುದನ್ನು ಒಪ್ಪಿಗೆ ಅಂತ ತೆಗೆದುಕೊಳ್ಳಬೇಡ. ಜಾಗ ಮಾರುವ ಮಾತು ಬಂದರೆ ನೀನೇ ಬೇಡ ಅನ್ನು.

ನೆಂಟರ ಮಾತಿಗೆ ಹೆದರಬೇಡ. ಗೋವಾದ ಸೀಟು ಬಿಟ್ಟು ಬಿಎಸ್ಸಿಗೆ ಸೇರಿದಳಂತೆ ಅಂತ ಒಂದೆರಡು ಮದುವೆ ಊಟದಲ್ಲಿ ಮಾತು ಬರುತ್ತದೆ, ಆಮೇಲೆ ಅವರಿಗೆ ಬೇರೆ ವಿಷಯ ಸಿಗುತ್ತದೆ.

ಈ ವಾರ ಮಾಡಬೇಕಾದ್ದು ಇಷ್ಟು. ಆ ಸ್ಕಾಲರ್‌ಶಿಪ್ ಪತ್ರದ ಎಲ್ಲ ಪುಟದ ಫೋಟೋ ನನಗೆ ವಾಟ್ಸಾಪ್ ಮಾಡು. ಅಪ್ಪನ ಐಟಿ ರಿಟರ್ನ್ ಮತ್ತು ಆದಾಯ ಪ್ರಮಾಣಪತ್ರ ತೆಗೆದಿಡು, ಯಾವ ಯೋಜನೆಗೆ ಹೋದರೂ ಬೇಕು. ಯಾವ ಕಾಲೇಜಿಗೂ ಅಡ್ವಾನ್ಸ್ ಕಟ್ಟುವ ಮೊದಲು ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ, ಯಾವ ತಾರೀಖಿನ ಒಳಗೆ ಬಿಡಬೇಕು ಅಂತ ಬರಹದಲ್ಲಿ ಕೇಳು. ಮೂಲ ಅಂಕಪಟ್ಟಿ ಕೇಳಿದರೆ ತೋರಿಸು, ಆದರೆ ಕೊಟ್ಟು ಬರಬೇಡ, ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂತ ನಿಯಮವೇ ಉಂಟು. ಭಾನುವಾರ ಅಪ್ಪನನ್ನೂ ಕರೆದುಕೊಂಡು ಬಾ, ಮೂರು ದಾರಿಯ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆಯೋಣ. ಆಮೇಲೆ ತೀರ್ಮಾನ ನಿನ್ನದು, ನೀನು ಯಾವುದಕ್ಕೆ ಹೂಂ ಅಂದರೂ ನಿನ್ನ ಅಮ್ಮನ ಹತ್ತಿರ ಮಾತಾಡುವುದು ನನ್ನ ಕೆಲಸ.

ನಿನ್ನ ದೊಡ್ಡಮ್ಮ