ಅಳುವಿಗೆ ನಾವು ಕೊಟ್ಟ ಹೆಸರು

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಮೂರು ವಾರ ಕಳೆಯಿತು. ಉತ್ತರ ತಡವಾದದ್ದಕ್ಕೆ ನಿನ್ನ ಪ್ರಶ್ನೆಯೇ ಕಾರಣ. ಇಂದು ನಾವೆಲ್ಲ ತಲೆಯಾಡಿಸಿ ಒಪ್ಪಿಕೊಂಡಿರುವ ಯಾವ ನಂಬಿಕೆಯನ್ನು ನೂರು ವರ್ಷದ ನಂತರದವರು ತಪ್ಪೆನ್ನುತ್ತಾರೆ ಎಂದು ಕೇಳಿ, ಅದರ ಕೆಳಗೆ ನೀನೇ ಒಂದು ಉದ್ದನೆಯ ಪಟ್ಟಿಯನ್ನೂ ಕೊಟ್ಟಿದ್ದೆ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಆ ಪಟ್ಟಿಯಲ್ಲಿರುವುದೆಲ್ಲ ನೀನು ಈಗಾಗಲೇ ತಪ್ಪೆಂದು ತೀರ್ಮಾನಿಸಿರುವ, ಇತರರೊಡನೆ ಜಗಳವನ್ನೂ ಆಡಿರುವ ಸಂಗತಿಗಳೇ. ಮುಂದಿನ ತಲೆಮಾರಿನವರು ನಿನ್ನ ಪರವಾಗಿ ಸಾಕ್ಷಿ ಹೇಳಲೆಂದೇ ಹುಟ್ಟಿಬರುತ್ತಾರೆ ಎಂಬ ಭರವಸೆ ಅದರಲ್ಲಿ ಕಾಣಿಸಿತು. ನನ್ನದೂ ಅಂಥದೇ ಪಟ್ಟಿಯಾಗಿತ್ತು; ಬರೆದು ಹರಿದುಹಾಕಿದೆ.

ಮೊದಲು ಎರಡು ಬಗೆಯ ತಪ್ಪುಗಳನ್ನು ಬೇರೆಬೇರೆಯಾಗಿ ಇಡೋಣ. ಖಂಡಗಳು ಚಲಿಸುತ್ತವೆ ಎಂದು ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಭೂವಿಜ್ಞಾನಿಗಳಲ್ಲಿ ಬಹುಪಾಲು ಜನ ಅದನ್ನು ತಳ್ಳಿಹಾಕಿದರು. ಸಾಗರದ ತಳದ ಸಾಕ್ಷ್ಯಗಳು ಸಿಕ್ಕಿ ಅದು ಒಪ್ಪಿತವಾದದ್ದು 1960ರ ದಶಕದಲ್ಲಿ. ಆ ಐವತ್ತು ವರ್ಷಗಳ ತಪ್ಪಿಗಾಗಿ ಇಂದು ಯಾರೂ ತಲೆತಗ್ಗಿಸುವುದಿಲ್ಲ, ಏಕೆಂದರೆ ಅದು ಸಾಕ್ಷ್ಯ ಸಾಲದೆ ಆದ ತಪ್ಪು. ನಮ್ಮ ಕಾಲದ ಇಂಥ ತಪ್ಪುಗಳು ನೂರಾರು ಇರಬಹುದು, ಅವುಗಳ ಬಗ್ಗೆ ನನಗೆ ಚಿಂತೆಯಿಲ್ಲ. ನನ್ನನ್ನು ಕಾಡುವುದು ಇನ್ನೊಂದು ಬಗೆಯದು: ಸಾಕ್ಷ್ಯ ಕಣ್ಣೆದುರಿಗೇ ಇದ್ದು, ಅದಕ್ಕೆ ನಾವು ಬೇರೆ ಹೆಸರಿಟ್ಟು ಸುಮ್ಮನಾದದ್ದು.

ನನ್ನ ಮಗಳು ಹುಟ್ಟಿದ ಮೂರನೆಯ ದಿನ ರಕ್ತಪರೀಕ್ಷೆಗೆಂದು ಅವಳ ಹಿಮ್ಮಡಿಗೆ ಸೂಜಿ ಚುಚ್ಚಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಾಯಿ ತೆರೆಯಿತು, ಆದರೆ ದನಿ ಹೊರಡಲು ಒಂದು ಕ್ಷಣ ಹಿಡಿಯಿತು. ಆ ಮೌನದ ಕ್ಷಣದಲ್ಲಿ ಮುಖವೆಲ್ಲ ಕೆಂಪಾಗಿ, ಹುಬ್ಬು ಗಂಟಿಕ್ಕಿ, ಇನ್ನೊಂದು ಕಾಲು ತನ್ನಷ್ಟಕ್ಕೆ ಮೇಲೆದ್ದು ಚುಚ್ಚಿದ ಕೈಯನ್ನು ದೂಡಲು ನೋಡಿತು. ಅಲ್ಲಿದ್ದ ದಾದಿ ನನ್ನ ಮುಖ ನೋಡಿ, 'ಇದಕ್ಕೇನೂ ಗೊತ್ತಾಗುವುದಿಲ್ಲ ಬಿಡಿ' ಎಂದು ಸಮಾಧಾನ ಹೇಳಿದಳು. ಅವಳ ಮಾತಿನಲ್ಲಿ ಕರುಣೆಯಿತ್ತು, ಮತ್ತು ಆ ಮಾತಿನಿಂದ ನನಗೆ ನಿಜವಾಗಿಯೂ ಸಮಾಧಾನವಾಯಿತು. ಎಷ್ಟೋ ವರ್ಷದ ಮೇಲೆ ಆ ಮಾತಿನ ಮೂಲ ಎಲ್ಲಿಯದೆಂದು ಓದಿ ತಿಳಿದಾಗ, ನನಗೆ ಬೇಸರವಾದದ್ದು ಅವಳ ಮೇಲಲ್ಲ, ಅಷ್ಟು ಬೇಗ ಸಮಾಧಾನಗೊಂಡ ನನ್ನ ಮೇಲೆ.

ಇಪ್ಪತ್ತನೆಯ ಶತಮಾನದ ಬಹುಕಾಲ, 1980ರ ದಶಕದ ನಡುವಿನವರೆಗೂ, ನವಜಾತ ಶಿಶುಗಳಿಗೆ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ, ತೀರ ಕಡಿಮೆ ಅರಿವಳಿಕೆ ಕೊಟ್ಟು ಅಥವಾ ಕೊಡದೆಯೇ ಶಸ್ತ್ರಚಿಕಿತ್ಸೆ ಮಾಡುವುದು ಅನೇಕ ಆಸ್ಪತ್ರೆಗಳಲ್ಲಿ ರೂಢಿಯಲ್ಲಿತ್ತು. ಕೂಸು ಅಲುಗಾಡದಂತೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ ಕೊಡುತ್ತಿದ್ದರು. ನೋವನ್ನು ತಡೆಯುವ ಔಷಧ ಬಹುತೇಕ ಇರುತ್ತಿರಲಿಲ್ಲ. ಹಾಗೆ ಮಾಡಿದವರು ಕಟುಕರಲ್ಲ. ಪುಟ್ಟ ದೇಹ ಅರಿವಳಿಕೆಯನ್ನು ತಡೆದುಕೊಳ್ಳಲಾರದೆಂಬ ಭಯ ಅವರಲ್ಲಿತ್ತು, ಆ ಭಯ ಬುಡವಿಲ್ಲದ್ದೂ ಆಗಿರಲಿಲ್ಲ. ಆದರೆ ಭಯದ ಜೊತೆಗೆ ಒಂದು ಸಿದ್ಧಾಂತವೂ ಬೆಳೆದು ನಿಂತಿತ್ತು: ಶಿಶುವಿನ ನರಗಳಿಗೆ ಮಯಲಿನ್ ಎಂಬ ಹೊದಿಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ, ಮೆದುಳು ಬಲಿತಿರುವುದಿಲ್ಲ, ಆದ್ದರಿಂದ ಅಳು ಎಂಬುದು ನೋವಿನ ಗುರುತಲ್ಲ, ಬರಿಯ ಅನೈಚ್ಛಿಕ ಪ್ರತಿಕ್ರಿಯೆ.

ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಕೆ. ಜೆ. ಎಸ್. ಆನಂದ್ ಎಂಬ ಭಾರತೀಯ ಮೂಲದ ತರುಣ ವೈದ್ಯರು ಅವಧಿಗೆ ಮುನ್ನ ಹುಟ್ಟಿದ, ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಿದ್ದ ಕೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯ ಔಷಧಗಳನ್ನೂ ಇನ್ನೊಂದಕ್ಕೆ ಅವುಗಳ ಜೊತೆಗೆ ಫೆಂಟಾನಿಲ್ ಎಂಬ ನೋವುನಿವಾರಕವನ್ನೂ ಕೊಟ್ಟರು. ಫೆಂಟಾನಿಲ್ ಪಡೆದ ಕೂಸುಗಳ ದೇಹ ಅನುಭವಿಸಿದ ಒತ್ತಡವೂ ಕಡಿಮೆ, ಆಮೇಲಿನ ತೊಡಕುಗಳೂ ಕಡಿಮೆ. ಇದು ಪ್ರಕಟವಾದದ್ದು 1987ರಲ್ಲಿ. ಅದೇ ವರ್ಷ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅವರು ಪಿ. ಆರ್. ಹಿಕಿ ಅವರ ಜೊತೆ ಬರೆದ ಲೇಖನವೊಂದು ಮಯಲಿನ್ ವಾದವನ್ನು ಬಿಡಿಸಿಟ್ಟಿತು: ಹೊದಿಕೆ ಇಲ್ಲದಿದ್ದರೆ ನರದ ಸಂದೇಶ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಅಲ್ಲದೆ ಕೂಸಿನ ದೇಹದಲ್ಲಿ ಅದು ಸಾಗಬೇಕಾದ ದೂರವೂ ಚಿಕ್ಕದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ಆ ವರ್ಷವೇ ನವಜಾತ ಶಿಶುಗಳಿಗೂ ಅರಿವಳಿಕೆ ಬೇಕು ಎಂದು ಹೇಳಿತು.

1987 ಎಂದರೆ ನಾವಿಬ್ಬರೂ ಬದುಕಿದ್ದ ಕಾಲ, ನೆನಪಿರಲಿ. ಅದಕ್ಕೂ ಮೊದಲು ಕೂಸಿಗೆ ನೋವಾಗುತ್ತದೆಂದು ತಿಳಿಯಲು ಹೊಸ ಉಪಕರಣವೇನೂ ಬೇಕಿರಲಿಲ್ಲ. ಎತ್ತಿಕೊಂಡ ತಾಯಂದಿರಿಗೆಲ್ಲ ಅದು ಗೊತ್ತಿತ್ತು. ಅಳು ಮೊದಲಿನಿಂದಲೂ ಕೇಳಿಸುತ್ತಲೇ ಇತ್ತು, ಅದಕ್ಕೆ ಕೊಟ್ಟ ಹೆಸರು ಮಾತ್ರ ತಪ್ಪಾಗಿತ್ತು. ಹಾಗಾದರೆ ನಿನ್ನ ಪ್ರಶ್ನೆಯನ್ನು ನಾನು ಹೀಗೆ ತಿದ್ದಿ ಕೇಳಿಕೊಳ್ಳುತ್ತೇನೆ: ಮಾತು ಬಾರದ ಯಾರ ಯಾವ ಒದ್ದಾಟಕ್ಕೆ ಇಂದು ನಾವು ಅನುಕೂಲದ ಹೆಸರೊಂದನ್ನು ಇಟ್ಟಿದ್ದೇವೆ?

ಹೊಳೆಯ ದಡದಲ್ಲಿ ಗಾಳ ಹಾಕಿ ಕುಳಿತಿದ್ದ ಮಧ್ಯಾಹ್ನಗಳು ನಿನಗೆ ನೆನಪಿವೆಯೇ? ಗಾಳದ ಕೊಕ್ಕೆಯನ್ನು ಮೀನಿನ ತುಟಿಯಿಂದ ಬಿಡಿಸಲು ನನಗೆ ಕೈ ಬರುತ್ತಿರಲಿಲ್ಲ, ನೀನು ಬೆರಳಿನಿಂದ ಕಿವಿರನ್ನು ಒತ್ತಿ ಹಿಡಿದು ಒಂದೇ ತಿರುವಿಗೆ ಕಿತ್ತು, 'ಮೀನಿಗೆ ನೋವು ಗೊತ್ತಾಗುವುದಿಲ್ಲ ಮಾರಾಯ, ಅದರದು ತಣ್ಣನೆಯ ರಕ್ತ' ಎನ್ನುತ್ತಿದ್ದೆ. ಆ ವಯಸ್ಸಿನಲ್ಲಿ ನಮಗಿಬ್ಬರಿಗೂ ಅದು ವಿಜ್ಞಾನವೆಂದೇ ತೋರುತ್ತಿತ್ತು.

2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಹೋದ್ಯೋಗಿಗಳು ರೇನ್‌ಬೋ ಟ್ರೌಟ್ ಎಂಬ ಮೀನಿನ ತಲೆಯ ಭಾಗದಲ್ಲಿ, ಗಾಯ ಮಾಡುವಂಥ ಶಾಖ, ಒತ್ತಡ, ಆಮ್ಲಗಳಿಗೆ ಸ್ಪಂದಿಸುವ ನರತುದಿಗಳಿರುವುದನ್ನು ತೋರಿಸಿದರು. ತುಟಿಗೆ ಜೇನ್ನೊಣದ ವಿಷವನ್ನೋ ಅಸಿಟಿಕ್ ಆಮ್ಲವನ್ನೋ ಚುಚ್ಚಿದಾಗ ಮೀನುಗಳು ತೊಟ್ಟಿಯ ತಳದಲ್ಲಿ ಅತ್ತಿತ್ತ ತೂಗಾಡಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ, ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ನುರುಜುಗಲ್ಲಿಗೆ ಉಜ್ಜಿಕೊಂಡವು. ಬರಿಯ ಉಪ್ಪುನೀರು ಚುಚ್ಚಿಸಿಕೊಂಡ ಮೀನುಗಳು ಹಾಗೆ ಮಾಡಲಿಲ್ಲ. ಮಾರ್ಫಿನ್ ಎಂಬ ನೋವುನಿವಾರಕ ಕೊಟ್ಟಾಗ ಆ ಉಜ್ಜಾಟ ಗಣನೀಯವಾಗಿ ಇಳಿಯಿತು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಮನುಷ್ಯನಲ್ಲಿ ನೋವಿನ ಅರಿವಿಗೆ ಬೇಕಾದ ನಿಯೋಕಾರ್ಟೆಕ್ಸ್ ಎಂಬ ಮೆದುಳಿನ ಹೊರಪದರ ಮೀನಿಗೆ ಇಲ್ಲ, ಆದ್ದರಿಂದ ನಾವು ನೋಡುತ್ತಿರುವುದು ಅನೈಚ್ಛಿಕ ಪ್ರತಿಕ್ರಿಯೆ ಮಾತ್ರ ಎಂಬುದು ಅವರ ವಾದ. ಈ ವಾಕ್ಯ ಓದಿದಾಗ ನನ್ನ ಬೆನ್ನು ನೆಟ್ಟಗಾಯಿತು, ಏಕೆಂದರೆ ಮಯಲಿನ್ ಇದ್ದ ಜಾಗದಲ್ಲಿ ನಿಯೋಕಾರ್ಟೆಕ್ಸ್ ಬಂದು ಕುಳಿತಿತ್ತು, ಉಳಿದದ್ದೆಲ್ಲ ಅದೇ. ಮೀನು ಮತ್ತು ಕೂಸು ಒಂದೇ ಎಂದು ನಾನು ಹೇಳುತ್ತಿಲ್ಲ, ಮೀನಿನ ವಿಷಯದಲ್ಲಿ ಆ ವಾದವೇ ಸರಿಯಾಗಿರಲೂಬಹುದು. ಆದರೆ ಒಮ್ಮೆ ಕೈಕೊಟ್ಟ ವಾದವನ್ನು ಎರಡನೆಯ ಸಲ ನಂಬುವ ಮೊದಲು ಅದು ನಮಗೆಷ್ಟು ಅನುಕೂಲಕರ ಎಂದು ನೋಡಿಕೊಳ್ಳಬೇಕು.

ಅನುಕೂಲ ಎಷ್ಟೆಂಬುದು ಲೆಕ್ಕದ ಭಾಷೆಯಲ್ಲೇ ಇದೆ. ಹಸು, ಕುರಿ, ಕೋಳಿಗಳನ್ನು ಅಂಕಿಅಂಶಗಳಲ್ಲಿ ತಲೆಗಳಾಗಿ ಎಣಿಸುತ್ತಾರೆ. ಮೀನನ್ನು ಟನ್ನುಗಳಲ್ಲಿ ತೂಗುತ್ತಾರೆ. ಹೊಳೆ, ಸಮುದ್ರಗಳಿಂದ ವರ್ಷಕ್ಕೆ ಸುಮಾರು 9 ಕೋಟಿ ಟನ್ ಮೀನು ಹಿಡಿಯಲಾಗುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ, ಅದು ಎಷ್ಟು ಮೀನು ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಆದರೂ ಕಾಲ ಅಲುಗಾಡುತ್ತಿದೆ ಎನ್ನಲು ಗುರುತುಗಳಿವೆ: ಬ್ರಿಟನ್ 2022ರಲ್ಲಿ ಮಾಡಿದ ಕಾನೂನೊಂದು ಅನುಭವಿಸಬಲ್ಲ ಜೀವಿಗಳ ಸಾಲಿಗೆ ಬೆನ್ನೆಲುಬಿರುವ ಪ್ರಾಣಿಗಳ ಜೊತೆ ಏಡಿ ಮತ್ತು ಆಕ್ಟೋಪಸ್‌ಗಳನ್ನೂ ಸೇರಿಸಿತು.

ನೀನು ಇಲ್ಲಿ ಅಡ್ಡ ಬಂದು, ಹಾಗಾದರೆ ಕರುಣೆಯುಳ್ಳವರ ಪಕ್ಷವೇ ಯಾವಾಗಲೂ ಗೆಲ್ಲುತ್ತದೆಯಲ್ಲ ಎನ್ನಬಹುದು. ಅಷ್ಟು ಸಲೀಸಲ್ಲ. ಏಕಾಂತ ಸೆರೆಯನ್ನೇ ನೋಡು. ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಪ್ರಭಾವವಿದ್ದ ಸುಧಾರಕರು, ಚಾಟಿ ಮತ್ತು ನೇಣಿಗಿಂತ ಮೌನದಲ್ಲಿ ಮಾಡುವ ಪಶ್ಚಾತ್ತಾಪ ಮೇಲೆಂದು ನಂಬಿದ್ದರಿಂದ, ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ಈಸ್ಟರ್ನ್ ಸ್ಟೇಟ್ ಸೆರೆಮನೆ ತೆರೆಯಿತು: ಒಬ್ಬನಿಗೊಂದು ಕೋಣೆ, ಚಾವಣಿಯಲ್ಲೊಂದು ಬೆಳಕಿಂಡಿ, ಹೊರಗೆ ಕರೆದೊಯ್ಯುವಾಗ ಇನ್ನೊಬ್ಬನ ಮುಖ ಕಾಣದಂತೆ ತಲೆಗೆ ಮುಸುಕು. ಅದು ಆ ಕಾಲದ ಮುಂದುವರಿದ ವಿಚಾರ, ನಮ್ಮಂಥವರೇ ಕಟ್ಟಿದ್ದು. 1842ರಲ್ಲಿ ಅಲ್ಲಿಗೆ ಭೇಟಿಕೊಟ್ಟ ಚಾರ್ಲ್ಸ್ ಡಿಕನ್ಸ್, ಸದುದ್ದೇಶವನ್ನು ಒಪ್ಪಿಕೊಂಡೇ, ಅದು ದೇಹಕ್ಕೆ ಕೊಡುವ ಚಿತ್ರಹಿಂಸೆಗಿಂತಲೂ ಕ್ರೂರವೆಂದು ಬರೆದರು. ಹದಿನೈದು ದಿನಕ್ಕಿಂತ ಹೆಚ್ಚು ಒಬ್ಬನನ್ನು ಹಾಗೆ ಇಡಬಾರದೆಂದು ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು ಹೇಳಿದ್ದು 2015ರಲ್ಲಿ, ಅಂದರೆ ಆ ಬಾಗಿಲು ತೆರೆದು 186 ವರ್ಷಗಳ ಮೇಲೆ. ಕಾನೂನಿನ ಬಲವಿಲ್ಲದ ಆ ನಿಯಮವನ್ನು ಎಷ್ಟೋ ಕಡೆ ಇನ್ನೂ ಪಾಲಿಸುತ್ತಿಲ್ಲ.

ಕೊನೆಯದಾಗಿ ಒಂದು ನಂಬಿಕೆ, ಇದು ನಿನ್ನ ಪಟ್ಟಿಯಲ್ಲೂ ಇರಲಿಲ್ಲ, ನಾನು ಹರಿದುಹಾಕಿದ ಪಟ್ಟಿಯಲ್ಲೂ ಇರಲಿಲ್ಲ. ದೊಡ್ಡ ಯೋಜನೆಗಳ ಲಾಭನಷ್ಟ ತೂಗುವಾಗ ಅರ್ಥಶಾಸ್ತ್ರಜ್ಞರು ಮುಂದೆ ಬರುವ ಲಾಭನಷ್ಟಗಳನ್ನು ವರ್ಷಕ್ಕೆ ಇಷ್ಟು ಶೇಕಡಾ ಎಂದು ಕಡಿತಗೊಳಿಸುತ್ತಾರೆ. ಮುಂದಿನವರು ನಮಗಿಂತ ಸಿರಿವಂತರಾಗಿರುತ್ತಾರೆ ಎಂಬುದು ಅದಕ್ಕೆ ಕೊಡುವ ಒಂದು ಕಾರಣ, ಅದರಲ್ಲಿ ಅರ್ಥವಿದೆ. ಆದರೆ ಆ ಕಡಿತದಲ್ಲಿ ಇನ್ನೊಂದು ಪಾಲಿದೆ. ಅದಕ್ಕೆ ಕಾರಣ ಅವರು ನಮ್ಮ ನಂತರ ಹುಟ್ಟುತ್ತಾರೆ ಎಂಬುದಷ್ಟೇ. ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ 1928ರಲ್ಲೇ ಇದನ್ನು ನೀತಿಯ ದೃಷ್ಟಿಯಿಂದ ಸಮರ್ಥಿಸಲಾಗದ, ಕಲ್ಪನಾಶಕ್ತಿಯ ದೌರ್ಬಲ್ಯದಿಂದ ಹುಟ್ಟಿದ ಅಭ್ಯಾಸವೆಂದಿದ್ದರು. 2006ರಲ್ಲಿ ಹವಾಮಾನದ ಬಗ್ಗೆ ವರದಿ ಬರೆದ ನಿಕೊಲಸ್ ಸ್ಟರ್ನ್ ಕಡಿಮೆ ದರವನ್ನು ಹಿಡಿದಾಗ, ವಿಲಿಯಂ ನಾರ್ಡ್‌ಹೌಸ್ ಮೊದಲಾದವರು ಅದು ಮಾರುಕಟ್ಟೆಯ ವಾಸ್ತವಕ್ಕೆ ಹೊಂದುವುದಿಲ್ಲವೆಂದು ಆಕ್ಷೇಪಿಸಿದರು. ಹೊರಗಿನವರಿಗೆ ಇದು ಲೆಕ್ಕಿಗರ ಚೌಕಾಸಿಯಂತೆ ಕಾಣುತ್ತದೆ. ಆದರೆ ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ: ಶೇಕಡಾ 5ರ ದರದಲ್ಲಿ ನೂರು ವರ್ಷ ಹಿಂದಕ್ಕೆ ಬಂದರೆ, ಆಗಿನ 131 ಜನರ ಲಾಭನಷ್ಟ ಇಂದಿನ ಒಬ್ಬನದಕ್ಕೆ ಸಮ. ಶೇಕಡಾ 1.4ರಲ್ಲಿ ಹಿಡಿದರೆ ಆಗಿನ ನಾಲ್ವರದು ಇಂದಿನ ಒಬ್ಬನದಕ್ಕೆ ಸಮ. ನಮ್ಮನ್ನು ತಪ್ಪೆನ್ನಲಿರುವವರು ಯಾರು ಎಂದು ನೀನು ಕೇಳಿದೆಯಲ್ಲ, ಅವರು ಈ ಕಾಗದದ ಮೇಲಿನ 131 ಜನ. ಕೂಸಿಗೆ ಅಳುವಾದರೂ ಇತ್ತು, ಮೀನಿಗೆ ಒದ್ದಾಟವಾದರೂ ಇದೆ. ಇವರಿಗೆ ಇನ್ನೂ ದೇಹವೂ ಇಲ್ಲ.

ಮುಂದಿನ ಪತ್ರದಲ್ಲಿ ಪಟ್ಟಿ ಬೇಡ. ತಪ್ಪಿರಬಹುದೆಂದು ಒಳಗೊಳಗೇ ಅನುಮಾನವಿದ್ದರೂ ನೀನು ಬಿಡಲು ಸಿದ್ಧನಿಲ್ಲದ ಒಂದೇ ಒಂದು ಸಂಗತಿಯನ್ನು ಬರೆ. ಇಷ್ಟೆಲ್ಲ ಓದಿದ ಮೇಲೂ ನಾನಿನ್ನೂ ಮೀನು ತಿನ್ನುತ್ತೇನೆ.

ನಿನ್ನ
ಹಳೆಯ ಗೆಳೆಯ