ಕಥೆ ಮುಗಿದ ಮೇಲೆ ಪ್ರಶ್ನೆ ಬೇಡ

ಮಾನ್ಯ ಸಂಪಾದಕರೇ,

ಮಕ್ಕಳು ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೇನನ್ನೂ ಓದುವುದಿಲ್ಲ, ಮೊಬೈಲ್ ಕೆಳಗಿಡುವುದಿಲ್ಲ ಎಂಬ ದೂರನ್ನು ಪೋಷಕರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತಳಾದ ನನಗೆ, ಇದರಲ್ಲಿ ಮೊಬೈಲಿನ ತಪ್ಪಿಗಿಂತ ನನ್ನಂಥ ದೊಡ್ಡವರ ತಪ್ಪೇ ಹೆಚ್ಚೆಂಬುದು ಈಚೆಗೆ ಮನವರಿಕೆಯಾಗಿದೆ.

ಎರಡನೇ ತರಗತಿಯ ನನ್ನ ಮೊಮ್ಮಗ ಒಂದು ಸಂಜೆ ಆನೆ ಮತ್ತು ಇರುವೆಯ ಚಿತ್ರಕಥೆಯೊಂದನ್ನು ತಂದು ಪಕ್ಕದಲ್ಲಿ ಕುಳಿತ. ಓದಿ ಹೇಳಿ ಮುಗಿಸಿದೊಡನೆ, ಶಾಲೆಯಲ್ಲಿ ಅಂಟಿದ ಚಾಳಿ ಎಲ್ಲಿ ಹೋದೀತು, ‘ಈ ಕಥೆಯ ನೀತಿ ಏನಪ್ಪ?’ ಎಂದು ಕೇಳಿಬಿಟ್ಟೆ. ಅವನು ಪುಸ್ತಕ ಮುಚ್ಚಿ, ‘ಹೋಮ್‌ವರ್ಕ್ ಆಗ್ಲೇ ಮುಗಿಸಿದೀನಿ ಅಜ್ಜಿ’ ಎಂದು ಎದ್ದುಹೋದ. ಅಂದಿನಿಂದ ನಾನು ಓದುತ್ತೇನೆ, ಏನನ್ನೂ ಕೇಳುವುದಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಅವನೇ ಅದೇ ಪುಸ್ತಕದ ಪುಟವೊಂದರ ಮೇಲೆ ಬೆರಳಿಟ್ಟು, ‘ನೋಡಜ್ಜಿ, ಇರುವೆಗೆ ಐದೇ ಕಾಲು ಬರೆದವ್ರೆ’ ಎಂದ. ನಾನು ಅದನ್ನು ಗಮನಿಸಿರಲೇ ಇಲ್ಲ.

ಮಗುವಿಗೆ ಅಕ್ಷರ ಬಂದೊಡನೆ ‘ಇನ್ನು ನೀನೇ ಓದಿಕೋ’ ಎಂದು ಬಿಟ್ಟುಬಿಡುವುದು ನಾವು ಮಾಡುವ ಇನ್ನೊಂದು ತಪ್ಪು. ಕನ್ನಡದ 49 ಅಕ್ಷರ, ಅವುಗಳ ಕಾಗುಣಿತ, ಮೇಲೆ ಒತ್ತಕ್ಷರ ಎಲ್ಲವನ್ನೂ ಕೂಡಿಸಿಕೊಂಡು ಓದುವ ಮಗು ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದರ ಮೊದಲನ್ನು ಮರೆತಿರುತ್ತದೆ. ಅದೇ ವಾಕ್ಯವನ್ನು ಕಿವಿಯಿಂದ ಕೇಳಿದರೆ ಸಲೀಸಾಗಿ ತಿಳಿಯುತ್ತದೆ. ನಮ್ಮ ಸೀಮೆಯ ಮಕ್ಕಳಿಗಂತೂ ‘ಬತ್ತೀನಿ, ವೋಯ್ತೀನಿ’ ಮನೆಯ ಮಾತು, ‘ಬರುತ್ತೇನೆ, ಹೋಗುತ್ತೇನೆ’ ಎಂಬುದು ಪುಸ್ತಕದ ಮಾತು. ‘ಹ’ಕಾರವನ್ನು ನುಂಗಿ ‘ಆಲು, ಅಳ್ಳಿ’ ಎನ್ನುವ ಮನೆಯಿಂದ ಬಂದ ಮಗುವನ್ನು ತಿದ್ದಿ ನಾಚಿಸುವುದಕ್ಕಿಂತ, ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿದರೆ ಗ್ರಂಥಸ್ಥ ಕನ್ನಡ ತಾನಾಗಿ ಕಿವಿಗೆ ಬೀಳುತ್ತದೆ. ಮೂರು, ನಾಲ್ಕನೇ ತರಗತಿಯವರೆಗೂ ಇದನ್ನು ನಿಲ್ಲಿಸಬೇಕಾಗಿಲ್ಲ. ಮಗು ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ಓದಬೇಕು. ಓದುವವರಿಗೆ ಬೇಸರವಾಗುತ್ತದೆ ನಿಜ, ಮಗುವಿಗೆ ಆಗುವುದಿಲ್ಲ.

ಪುಸ್ತಕ ಕೊಳ್ಳಲು ಹಣವೆಲ್ಲಿದೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಆದರೆ ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಪುಕ್ಕಟೆಯಾಗಿ ಓದಬಹುದು, ಅಚ್ಚು ಹಾಕಿಸಿಕೊಳ್ಳಲೂಬಹುದು. ನಾವು ಬಯ್ಯುವ ಮೊಬೈಲನ್ನೇ ಈ ಕೆಲಸಕ್ಕೂ ಬಳಸಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಗುತ್ತಿದೆ ಎಂಬುದು ಎಷ್ಟೋ ಪೋಷಕರಿಗೆ ಗೊತ್ತೇ ಇಲ್ಲ. ಸಕ್ಕರೆ ಕಾರ್ಖಾನೆಯ ಕೆಲಸದ ಸಂಬಳವನ್ನೇ ಸುರಿದು ಲಕ್ಷಾಂತರ ಪುಸ್ತಕ ಕೂಡಿಟ್ಟ ಅಂಕೇಗೌಡರ ‘ಪುಸ್ತಕ ಮನೆ’ ನಮ್ಮದೇ ಜಿಲ್ಲೆಯ ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿದೆ. ರಜೆಯಲ್ಲಿ ಮಕ್ಕಳನ್ನು ಕೆಆರ್‌ಎಸ್‌ಗೆ ಕರೆದೊಯ್ಯುವವರು ಆ ಕಡೆಗೂ ಒಮ್ಮೆ ಹೋಗಿಬರಬಹುದು.

ಇನ್ನು ನನ್ನ ಅಹವಾಲು. ಮೊಮ್ಮಗನಿಗೆ ಪುಸ್ತಕ ತರಲೆಂದು ಹತ್ತಿರದ ಸಾರ್ವಜನಿಕ ಗ್ರಂಥಾಲಯವೊಂದಕ್ಕೆ ಹೋದಾಗ ಮಕ್ಕಳ ಪುಸ್ತಕಗಳೆಲ್ಲ ಗಾಜಿನ ಬೀರುವಿನೊಳಗೆ ಬೀಗದಲ್ಲಿದ್ದವು. ಕೇಳಿದರೆ, ‘ಮಕ್ಕಳು ಹರಿದುಹಾಕ್ತಾರೆ ಮೇಡಂ’ ಎಂಬ ಉತ್ತರ ಬಂತು. ಆಸ್ತಿ ತೆರಿಗೆಯೊಡನೆ ನಾವೆಲ್ಲ ಕಟ್ಟುವ ಶೇ 6ರ ಗ್ರಂಥಾಲಯ ಕರದಲ್ಲಿ ಈ ಪುಸ್ತಕಗಳ ಪಾಲೂ ಇದೆ. ಸಂಬಂಧಪಟ್ಟವರು ದಯವಿಟ್ಟು ಬೀಗ ತೆಗೆಸಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಪುಸ್ತಕಗಳನ್ನು ಇಡಿಸಬೇಕು ಮತ್ತು ಶಾಲೆ ಬಿಟ್ಟು ಬಂದ ಮಕ್ಕಳಿಗೆ ಅವನ್ನು ಮನೆಗೆ ಒಯ್ಯಲು ಕೊಡಬೇಕು. ಹರಿದ ಪುಟಗಳಿಗೆ ಗೋಂದು ಹಚ್ಚಿಕೊಡಲು ವಾರಕ್ಕೊಂದು ದಿನ ನಾನೇ ಬರಲು ಸಿದ್ಧಳಿದ್ದೇನೆ.

– ನಿವೃತ್ತ ಶಿಕ್ಷಕಿ, ಮಂಡ್ಯ